ಕೊನೆಯ ಬೆಂಚಿನವರೂ ಹಾಡಬೇಕು

ಸೆಪ್ಟೆಂಬರ್ ಮೊದಲ ವಾರ ದಾದರ್ ಹೂವಿನ ಮಾರ್ಕೆಟ್ಟಿನಲ್ಲಿ ಚೆಂಡುಹೂವಿನ ರೇಟು ಕೇಳಿದರೆ ಸಾಕು, ಹಬ್ಬ ಎಷ್ಟು ಹತ್ತಿರ ಬಂದಿದೆ ಎಂದು ಗೊತ್ತಾಗುತ್ತದೆ. ಹೆಚ್ಚಿನ ವರ್ಷ ಗಣಪತಿಯೂ ಅದೇ ಆಸುಪಾಸಿನಲ್ಲಿ ಬರುತ್ತಾನೆ. ಫ್ಲೈಓವರಿನ ಕೆಳಗೆ, ಒದ್ದೆ ಗೋಣಿಗಳ ನಡುವೆ, ಮಂಡಲದ ಹುಡುಗರು ಬುಟ್ಟಿಗಟ್ಟಲೆ ಕೊಂಡೊಯ್ಯುವಾಗ ಪಕ್ಕದಲ್ಲಿ ನಿಂತು ಕಾಲು ಕೆ.ಜಿ. ಸೇವಂತಿಗೆಗೆ ಚೌಕಾಸಿ ಮಾಡುತ್ತಿರುವವರು ನಾವು, ಮಂಗಳೂರು, ಉಡುಪಿ ಕಡೆಯ ಕೊಂಕಣಿ ಕ್ರೈಸ್ತರು. ನಮಗದು ಮೊಂತಿ ಫೆಸ್ತ್‌ನ ಹೊತ್ತು. ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಹುಟ್ಟುಹಬ್ಬ, ಜತೆಗೆ ಹೊಸ ತೆನೆಯ ಹಬ್ಬ. ಆಗಸ್ಟ್ 30ರಿಂದ ಒಂಬತ್ತು ದಿನ ಪ್ರಾರ್ಥನೆ, ದಿನವೂ ಮಕ್ಕಳಿಂದ ಹೂವಿನ ಕಾಣಿಕೆ. ಊರಿನಲ್ಲಾದರೆ ಹೂ ಕೊಯ್ಯುವುದು ಮಕ್ಕಳದೇ ಕೆಲಸ. ಗದ್ದೆಯ ಹುಣಿ, ಬೇಲಿ, ಪಕ್ಕದ ಮನೆಯ ಅಂಗಳ, ಯಾವುದನ್ನೂ ಬಿಡುತ್ತಿರಲಿಲ್ಲ. ಮುಂಬೈಯಲ್ಲಿ ಅದು ಅಪ್ಪಂದಿರ ಪಾಲಿನ ಕೆಲಸವಾಗಿದೆ. ಶನಿವಾರ ನಸುಕಿಗೆದ್ದು, ಮೀರಾ ರೋಡಿನಿಂದ ಚರ್ಚ್‌ಗೇಟ್ ಲೋಕಲ್ ಹಿಡಿದು ದಾದರಿಗೆ.

ವಾರದಲ್ಲಿ ಐದು ದಿನ ನಾನು ಅಂಧೇರಿಯ ಒಂದು ಆಫೀಸಿನಲ್ಲಿ ಲೆಕ್ಕಪತ್ರ ನೋಡುತ್ತೇನೆ. ಶನಿವಾರ ಸಂಜೆ ಮತ್ತು ಆದಿತ್ಯವಾರ ಬೆಳಿಗ್ಗೆ ಉಪನಗರದ ನಮ್ಮ ಚರ್ಚಿನ ಕೊಂಕಣಿ ಪೂಜೆಗೆ ಹಾಡಿಸುವವನು. ಆಫೀಸಿನ ಗೆಳೆಯರು, “ನಿಮ್ಮದು ಆರ್ಕೆಸ್ಟ್ರಾ ಅಲ್ಲವಾ, ಒಂದು ಪ್ರೋಗ್ರಾಂ ಕೊಡಿ” ಎನ್ನುವುದುಂಟು. ನಾವು ಪ್ರೋಗ್ರಾಂ ಕೊಡುವವರಲ್ಲ. ಚೆನ್ನಾಗಿ ಹಾಡಿ ಸೈ ಅನ್ನಿಸಿಕೊಳ್ಳುವುದು ಗಾಯನ ಮಂಡಳಿಯ ಕೆಲಸವೇ ಅಲ್ಲ. ಬಾಗಿಲ ಹತ್ತಿರದ ಕೊನೆಯ ಬೆಂಚಿನಲ್ಲಿ ಛತ್ರಿ ಮಡಚಿಕೊಂಡು ಕುಳಿತವನ ಬಾಯಿಯಿಂದ ಹಾಡು ಹೊರಡಿಸುವುದು ಅದರ ಕೆಲಸ. ಇದನ್ನು ಒಪ್ಪದ ಗಾಯಕರು ಬೇಕಾದಷ್ಟು ಜನ ಇದ್ದಾರೆ. ಟಿವಿಯ ರಿಯಾಲಿಟಿ ಶೋಗಳು ಬಂದ ಮೇಲೆ ಹೆಚ್ಚೂ ಆಗಿದ್ದಾರೆ.

ಹಾಡು ಆರಿಸುವುದು ನಮ್ಮ ಖುಷಿಗೆ ಬಿಟ್ಟ ವಿಷಯವಲ್ಲ. ಕೆಥೋಲಿಕ್ ಬಲಿಪೂಜೆಗೆ ಒಂದು ಗೊತ್ತಾದ ಚೌಕಟ್ಟಿದೆ. ಗುರುಗಳು ಪ್ರವೇಶಿಸುವಾಗ ಒಂದು ಹಾಡು. ಆಮೇಲೆ ದಯೆ ಬೇಡುವ ಕೀರಿಯೆ, ಮಹಿಮೆಯ ಗ್ಲೋರಿಯಾ. ಮೊದಲ ವಾಚನದ ನಂತರ ಕೀರ್ತನೆ. ಒಬ್ಬರು ಚರಣ ಹೇಳುತ್ತಾರೆ, ಜನ ಪಲ್ಲವಿ ತಿರುಗಿ ಹೇಳುತ್ತಾರೆ. ಭಜನೆಯಲ್ಲಿ ಹೇಳಿಕೊಟ್ಟು ಹೇಳಿಸುವ ಕ್ರಮ ನೋಡಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಮುಂದೆ ಅಲ್ಲೆಲೂಯ, ಕಾಣಿಕೆಯ ಹಾಡು, ಪರಮಪ್ರಸಾದದ ಹಾಡು, ಕೊನೆಗೆ ಮುಕ್ತಾಯದ ಹಾಡು. ಆಯಾ ದಿನದ ವಾಚನಗಳು ಮೂರು ವರ್ಷದ ಒಂದು ಸುತ್ತಿನಲ್ಲಿ ಬರುತ್ತವೆ; 1969ರ ಕೊನೆಯಲ್ಲಿ ಜಾರಿಗೆ ಬಂದ ಏರ್ಪಾಡು ಇದು. ಒಂದು ವರ್ಷ ಮತ್ತಾಯ, ಮರುವರ್ಷ ಮಾರ್ಕ, ಅದರ ಮುಂದಿನ ವರ್ಷ ಲೂಕ. ಶುಕ್ರವಾರ ರಾತ್ರಿ ಊಟವಾದ ಮೇಲೆ ನಾನು ಆ ಆದಿತ್ಯವಾರದ ವಾಚನ ಓದಿಕೊಂಡು, ಅದಕ್ಕೆ ಹೊಂದುವ ಹಾಡು ಹುಡುಕಿ, ನಂಬರುಗಳನ್ನು ವಾಟ್ಸಾಪಿಗೆ ಹಾಕುತ್ತೇನೆ. ಐದು ನಿಮಿಷಕ್ಕೆ ಯಾರಾದರೂ, “ಅಂಕಲ್, ಇದನ್ನು ಹೋದ ತಿಂಗಳೂ ಹಾಡಿದ್ದೆವು” ಎಂದು ಬರೆಯುತ್ತಾರೆ. ಹಾಡಿದ್ದೆವು, ಹೌದು. ಜನರ ಬಾಯಿಗೆ ಬರಬೇಕಾದರೆ ಇನ್ನೂ ನಾಲ್ಕು ಸಲ ಹಾಡಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಶ್ರುತಿ. ನಮ್ಮ ಪುಸ್ತಕಗಳಲ್ಲಿರುವ ಎಷ್ಟೋ ಹಾಡುಗಳು ಕ್ಯಾಸೆಟ್ಟಿನ ಕಾಲದಲ್ಲಿ ಒಳ್ಳೊಳ್ಳೆಯ ಗಾಯಕರಿಗಾಗಿ ಮಾಡಿದವು. ಪಲ್ಲವಿ ಸುಲಭ, ಆದರೆ ಚರಣ ಮೇಲಕ್ಕೆ ಹಾರುತ್ತದೆ. ತರಬೇತಿಯಿಲ್ಲದ ಗಂಟಲು ನಡುಸ್ಥಾಯಿಯ ‘ಸಿ’ಯಿಂದ ಮೇಲಿನ ‘ಸಿ’ವರೆಗೆ, ಬಹಳವೆಂದರೆ ‘ಡಿ’ವರೆಗೆ ಕಷ್ಟವಿಲ್ಲದೆ ಹೋಗುತ್ತದೆ. ಅದನ್ನು ದಾಟಿದರೆ ಗಂಡಸರು ಮೊದಲು ನಿಲ್ಲಿಸುತ್ತಾರೆ. ಹೆಂಗಸರು ಒಂದು ಸಾಲು ಹೆಚ್ಚು ಎಳೆಯುತ್ತಾರೆ, ಅಷ್ಟೆ. ಆಮೇಲೆ ಕೇಳುವುದು ಮೈಕಿನ ಮುಂದಿರುವ ನಮ್ಮ ಸ್ವರ ಮಾತ್ರ. ಹಾಗಾಗಿ ನಾನು ಮೊದಲು ನೋಡುವುದು ಹಾಡಿನ ತುತ್ತತುದಿಯ ಸ್ವರವನ್ನು. ಅದು ‘ಎಫ್’ ಆಗಿದ್ದರೆ ಕೀಬೋರ್ಡಿನ ಟ್ರಾನ್ಸ್‌ಪೋಸ್ ಬಟನ್ನನ್ನು ಮೈನಸ್ ಮೂರಕ್ಕೆ ಇಳಿಸುತ್ತೇನೆ. ಬೆರಳು ಮೊದಲಿನ ಮನೆಗಳಲ್ಲೇ ಓಡುತ್ತದೆ, ಸದ್ದು ಒಂದೂವರೆ ಸ್ವರ ಕೆಳಗೆ ಬರುತ್ತದೆ. ಹಾರ್ಮೋನಿಯಂ ಕಲಿತು ಬಂದವರಿಗೆ ಇದು ಬೇಡ. ಅವರು ಕಪ್ಪು ಎರಡು, ಬಿಳಿ ಐದು ಎಂದು ಲೆಕ್ಕಹಾಕಿ ಯಾವ ಮನೆಯಿಂದಲಾದರೂ ಎತ್ತಿಕೊಳ್ಳುತ್ತಾರೆ. ಇಳಿಸಿದ್ದಕ್ಕೆ ನಮ್ಮ ಸೊಪ್ರಾನೊ ಹುಡುಗಿಯರಿಗೆ ಕೋಪ. ಅವರ ಸ್ವರ ಮಿಂಚುವುದು ಮೇಲೆಯೇ, ಕೆಳಗೆ ಅಲ್ಲ. ಈ ಜಗಳ ಪ್ರತಿ ಶನಿವಾರದ್ದು.

ಶನಿವಾರ ಸಂಜೆ ಏಳಕ್ಕೆ ಅಭ್ಯಾಸ, ಮಕ್ಕಳ ಧರ್ಮಶಿಕ್ಷಣದ ಕೋಣೆಯಲ್ಲಿ. ಬೆಂಚುಗಳು ಎರಡನೇ ಕ್ಲಾಸಿನ ಅಳತೆಯವು. ನಮ್ಮ ಬೇಸ್ ಹಾಡುವ ಬಾಪ್ಪು ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡೇ ಕುಳಿತುಕೊಳ್ಳಬೇಕು. ಒಬ್ಬ ನರ್ಸ್ ಡ್ಯೂಟಿ ಮುಗಿಸಿ ಬರುತ್ತಾಳೆ. ವಸಾಯಿಯಿಂದ ಬರುವ ಇಬ್ಬರು ತಡವಾಗಿ ಬಂದು ಬೇಗ ಹೋಗುತ್ತಾರೆ. ಹಾಡುವುದಕ್ಕಿಂತ ಹೆಚ್ಚು ಹೊತ್ತು ಉಸಿರು ಎಲ್ಲಿ ತೆಗೆಯಬೇಕು ಎಂಬುದರ ಮೇಲೆ ಹೋಗುತ್ತದೆ. ಸಾಲಿನ ನಡುವೆ ಉಸಿರು ತೆಗೆದರೆ ದೇವರ ಹೆಸರು ಎರಡು ತುಂಡಾಗುತ್ತದೆ ಎಂದು ಬಾಪ್ಪು ಪ್ರತಿ ಸಲ ಹೇಳುತ್ತಾರೆ, ಪ್ರತಿ ಸಲ ಯಾರೋ ಅಲ್ಲಿಯೇ ತೆಗೆಯುತ್ತಾರೆ.

ಇನ್ನು ಲಿಪಿಯ ಗಲಾಟೆ. ನಮ್ಮ ಕಡೆಯ ಕೊಂಕಣಿ ಕ್ರೈಸ್ತರ ಪ್ರಾರ್ಥನೆ, ಹಾಡು, ವಾರಪತ್ರಿಕೆ ಎಲ್ಲವೂ ಕನ್ನಡ ಲಿಪಿಯಲ್ಲಿ. ಮಂಗಳೂರಿನಲ್ಲಿ 1938ರಿಂದ ಬರುತ್ತಿರುವ ‘ರಾಕ್ಣೊ’ ಈಗಲೂ ನಮ್ಮ ಮನೆಗೆ ಅಂಚೆಯಲ್ಲಿ ಬರುತ್ತದೆ. ಅದು ಎರಡು ದಿನ ತಡವಾದರೆ ಮಾಂಯ್, ಎಂದರೆ ನನ್ನ ತಾಯಿ, ಪೋಸ್ಟ್‌ಮ್ಯಾನನನ್ನು ವಿಚಾರಿಸಿಕೊಳ್ಳುತ್ತಾರೆ. ಮಂಗಳೂರಿನ ಕೊಂಕಣಿ ಅಚ್ಚಿಗೊಂದು ಸ್ವಾರಸ್ಯದ ಹಿನ್ನೆಲೆಯಿದೆ. ಇಟಲಿಯಿಂದ ಬಂದ ಜೆಸುಯಿಟ್ ಗುರು ಆಂಜೆಲೊ ಮಾಫೆಯಿ ಕೊಂಕಣಿ ವ್ಯಾಕರಣವನ್ನು 1882ರಲ್ಲಿ, ನಿಘಂಟನ್ನು 1883ರಲ್ಲಿ ಹೊರತಂದರು. ಎರಡೂ ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ, ಎಂದರೆ ಪ್ರೊಟೆಸ್ಟೆಂಟರ ಅಚ್ಚುಕೂಟದಲ್ಲಿ. ಹನ್ನೊಂದು ವರ್ಷದ ಮೇಲೆ ಕಿಟ್ಟೆಲ್ ಅವರ ಕನ್ನಡ ನಿಘಂಟನ್ನು ಮುಗಿಸಿದ್ದೂ ಅದೇ ಪ್ರೆಸ್. ಎರಡು ಪಂಗಡಗಳ ನಡುವೆ ಆಗ ಮಾತುಕತೆ ಅಷ್ಟಕ್ಕಷ್ಟೇ. ಅಚ್ಚಿನ ಮೊಳೆಗಳಿಗೆ ಆ ಮುನಿಸು ತಟ್ಟಲಿಲ್ಲ ಅನ್ನಿಸುತ್ತದೆ.

ಮುಂಬೈಯ ಪೂಜೆಯಲ್ಲಿ ಆ ಕನ್ನಡ ಲಿಪಿ ಅರ್ಧ ಬೆಂಚಿಗೆ ಮಾತ್ರ ತಲುಪುತ್ತದೆ. ಗೋವಾದವರು ಕೊಂಕಣಿಯನ್ನು ರೋಮನ್ ಅಕ್ಷರದಲ್ಲಿ ಓದುವವರು. ನಮ್ಮ ಮಕ್ಕಳು ಇಂಗ್ಲಿಷ್ ಮಾಧ್ಯಮದಲ್ಲಿ ಓದಿ, ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ಹಿಂದಿ, ಪರೀಕ್ಷೆಗೆ ಮರಾಠಿ ಎಂದು ಬೆಳೆದವರು. ಕನ್ನಡ ಅವರಿಗೆ ಅಜ್ಜನ ಮನೆಯ ಬಸ್ಸಿನ ಬೋರ್ಡು. ಆದ್ದರಿಂದ ಪ್ರತಿ ಹಾಡನ್ನೂ ನಾವು ಎರಡು ಸಲ ಟೈಪ್ ಮಾಡುತ್ತೇವೆ, ಒಮ್ಮೆ ಕನ್ನಡದಲ್ಲಿ, ಒಮ್ಮೆ ರೋಮನ್‌ನಲ್ಲಿ. ಎರಡನ್ನೂ ಪರದೆಯ ಮೇಲೆ ಅಕ್ಕಪಕ್ಕ ಬಿಡುತ್ತೇವೆ. ಅಷ್ಟಾದರೂ ಗೋವಾದ ಆಂಟಿಯರು ನಮ್ಮ ಕೆಲವು ಶಬ್ದಗಳಿಗೆ ಹುಬ್ಬೇರಿಸಿ, ತಮ್ಮ ಉಚ್ಚಾರವನ್ನೇ ಹಾಡುತ್ತಾರೆ. ಹಾಡಲಿ. ಸುಮ್ಮನೆ ಕುಳಿತುಕೊಳ್ಳುವುದಕ್ಕಿಂತ ಅದು ವಾಸಿ.

ಜನ ಹೀಗೆ ತಮ್ಮ ಭಾಷೆಯಲ್ಲಿ ಪೂಜೆಗೆ ಹಾಡತೊಡಗಿ ಬಹಳ ಕಾಲವೇನೂ ಆಗಿಲ್ಲ. ಮಾಂಯ್ ಚಿಕ್ಕವರಾಗಿದ್ದಾಗ ಪೂಜೆ ಲ್ಯಾಟಿನಿನಲ್ಲಿತ್ತು. ಗುರುಗಳು ಜನರಿಗೆ ಬೆನ್ನು ಹಾಕಿ ಪೀಠದ ಕಡೆ ನಿಂತಿರುತ್ತಿದ್ದರು, ಹಿಂದಿನ ಮಾಳಿಗೆಯಿಂದ ನಾಲ್ಕು ಜನ ಲ್ಯಾಟಿನಿನಲ್ಲಿ ಹಾಡುತ್ತಿದ್ದರು, ಕೆಳಗಿದ್ದವರು ಜಪಸರ ಹಿಡಿದು ತಮ್ಮಷ್ಟಕ್ಕೆ ಪ್ರಾರ್ಥಿಸುತ್ತಿದ್ದರು. ಸ್ವಂತ ಭಾಷೆಯ ಹಾಡು ಇದ್ದದ್ದು ಪೂಜೆಯ ಹೊರಗೆ: ಮೆರವಣಿಗೆಯಲ್ಲಿ, ಒಂಬತ್ತು ದಿನದ ಪ್ರಾರ್ಥನೆಯಲ್ಲಿ, ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ. ಎರಡನೇ ವ್ಯಾಟಿಕನ್ ಮಹಾಸಭೆ ಜನಭಾಷೆಗೆ ಬಾಗಿಲು ತೆರೆದದ್ದು 1963ರ ಡಿಸೆಂಬರ್ 4ರಂದು. ಸರಿಯಾಗಿ ಒಂದು ವರ್ಷಕ್ಕೆ, 1964ರ ಡಿಸೆಂಬರ್ ಮೊದಲ ವಾರದಲ್ಲಿ, ಆರನೇ ಪೌಲ್ ಪೋಪರು ಪರಮಪ್ರಸಾದದ ಅಂತಾರಾಷ್ಟ್ರೀಯ ಸಮ್ಮೇಳನಕ್ಕೆಂದು ಬೊಂಬಾಯಿಗೇ ಬಂದರು. ಭಾರತಕ್ಕೆ ಬಂದ ಮೊದಲ ಪೋಪ್ ಅವರು. ಆಮೇಲಿನ ವರ್ಷಗಳಲ್ಲಿ ಗಾಯನ ಮಂಡಳಿಗಳು ಮಾಳಿಗೆ ಇಳಿದು ಪೀಠದ ಪಕ್ಕಕ್ಕೆ ಬಂದವು.

ಪೂಜೆಯ ಹೊರಗಿದ್ದ ಆ ಹಳೆಯ ಹಾಡುಗಳ ಬಗ್ಗೆ ಮಾತಾಡುವಾಗ ಫಾದರ್ ಜೋಕಿಂ ಮಿರಾಂದಾ ಅವರನ್ನು ಬಿಡುವಂತಿಲ್ಲ. ಗೋವಾದಿಂದ ಬಂದ ಈ ಗುರು ಫರಂಗಿಪೇಟೆಯ ಮೊಂತೆ ಮರಿಯಾನೊ ಚರ್ಚಿನಲ್ಲಿದ್ದರು. ನೇತ್ರಾವತಿಯ ದಂಡೆಯ ಆ ಗುಡ್ಡದಲ್ಲಿ 1763ರಲ್ಲಿ ಅವರು ಶುರುಮಾಡಿದ ಹಬ್ಬವೇ ನಮ್ಮ ಮೊಂತಿ ಫೆಸ್ತ್ ಎಂಬುದು ಪ್ರಸಿದ್ಧ ಮಾತು. ಟಿಪ್ಪುವಿನ ಕಾಲದಲ್ಲಿ ಕರಾವಳಿಯ ಕ್ರೈಸ್ತರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದ ದಿನಗಳಲ್ಲಿ ಅವರೂ ಬಂಧನದಲ್ಲಿದ್ದು, ಕ್ರಿಸ್ತನ ಯಾತನೆಯ ಮೇಲೆ ಒಂದು ಕೊಂಕಣಿ ಹಾಡು ಕಟ್ಟಿದರು ಎನ್ನುತ್ತಾರೆ. ತಪಸ್ಸು ಕಾಲದಲ್ಲಿ ಅದನ್ನು ಈಗಲೂ ಹಾಡುತ್ತೇವೆ. ಆ ನಲವತ್ತು ದಿನ ಗ್ಲೋರಿಯಾ ಇಲ್ಲ, ಅಲ್ಲೆಲೂಯ ಇಲ್ಲ, ವಾದ್ಯವೂ ಸ್ವರಕ್ಕೆ ಆಸರೆಯಾಗುವಷ್ಟೇ. ನಮ್ಮ ಜನ ನಿಜಕ್ಕೂ ಹಾಡುತ್ತಾರೋ ಇಲ್ಲವೋ ಎಂದು ತಿಳಿಯಬೇಕಾದರೆ ಆಗ ಬಂದು ಕೇಳಬೇಕು. ಮಿರಾಂದಾ ಅವರ ಹಾಡಿಗೆ ಪರದೆ ಬೇಡ, ಮೈಕೂ ಬೇಡ.

ಗೋವಾದ ನೆನಪಾದ್ದರಿಂದ ಇನ್ನೊಂದು ವಿಷಯ. ಪೋರ್ಚುಗೀಸರ ಕಾಲದಲ್ಲಿ ಅಲ್ಲಿನ ಚರ್ಚುಗಳಿಗೆ ಸೇರಿದ ಶಾಲೆಗಳಲ್ಲಿ ಮಕ್ಕಳಿಗೆ ಸ್ವರಲಿಪಿ ಓದುವುದನ್ನೂ ಪಿಟೀಲನ್ನೂ ಕಲಿಸುತ್ತಿದ್ದರು. ಹಾಗೆ ಕಲಿತ ಹುಡುಗರು ಬೊಂಬಾಯಿಗೆ ಬಂದು ಧೋಬಿ ತಲಾವ್‌ನ ತಮ್ಮೂರಿನ ಕ್ಲಬ್ಬುಗಳಲ್ಲಿ ಒಂದು ಟ್ರಂಕಿನಷ್ಟು ಜಾಗ ಹಿಡಿದು, ಸಿನಿಮಾ ಸ್ಟುಡಿಯೋಗಳ ಬಾಗಿಲು ತಟ್ಟಿದರು. ಹಿಂದಿ ಚಿತ್ರಸಂಗೀತದ ಸಂಯೋಜಕರಿಗೆ ರಾಗ ಗೊತ್ತಿತ್ತು. ಐವತ್ತು ಜನ ವಾದ್ಯಗಾರರಿಗೆ ಅದನ್ನು ಹಂಚಿ ಬರೆದುಕೊಡುವ ವಿದ್ಯೆ ಇದ್ದದ್ದು ಈ ಹುಡುಗರಲ್ಲಿ. ಶಂಕರ್ ಜೈಕಿಶನ್ ಅವರಿಗೆ ಸೆಬಾಸ್ಟಿಯನ್ ಡಿಸೋಜಾ ವಾದ್ಯ ಸಂಯೋಜಿಸಿದರು. ಮಜೋರ್ಡಾ ಊರಿನ ಆಂತೊನಿ ಗೊನ್ಸಾಲ್ವಿಸ್ (1927–2012) ಪ್ಯಾರೇಲಾಲರಿಗೂ ಆರ್.ಡಿ. ಬರ್ಮನ್ನರಿಗೂ ಪಿಟೀಲು ಗುರು. 1958ರಲ್ಲಿ ಸೇಂಟ್ ಝೇವಿಯರ್ಸ್ ಕಾಲೇಜಿನ ಅಂಗಳದಲ್ಲಿ ಲತಾ ಮಂಗೇಶ್ಕರ್, ಮನ್ನಾ ಡೇ ಅವರನ್ನಿಟ್ಟುಕೊಂಡು ಸಿಂಫನಿ ನುಡಿಸಿದವರು. 1977ರ ‘ಅಮರ್ ಅಕ್ಬರ್ ಆಂತೊನಿ’ಯಲ್ಲಿ ಅಮಿತಾಭ್ ಕೂಗಿ ಹೇಳುವ ಹೆಸರು ಶಿಷ್ಯ ಪ್ಯಾರೇಲಾಲ್ ಸಲ್ಲಿಸಿದ ಗುರುಕಾಣಿಕೆ. ಗೊನ್ಸಾಲ್ವಿಸ್ ಅವರ ತಂದೆ ಊರಿನ ಚರ್ಚಿನಲ್ಲಿ ಹಾಡಿಸುವವರಾಗಿದ್ದರು. ಈ ಸಂಗತಿಯನ್ನು ಆಫೀಸಿನಲ್ಲಿ ನಾನು ಆಗಾಗ ಸ್ವಲ್ಪ ಗತ್ತಿನಿಂದಲೇ ಹೇಳುವುದುಂಟು.

ಆದಿತ್ಯವಾರ ಇಂಗ್ಲಿಷ್ ಪೂಜೆಗಳೆಲ್ಲ ಮುಗಿದ ಮೇಲೆ, ಹನ್ನೊಂದಕ್ಕೆ ನಮ್ಮ ಕೊಂಕಣಿ ಪೂಜೆ. ರೈಲ್ವೆಯವರು ಹಳಿ ರಿಪೇರಿಗೆ ಜಂಬೋ ಬ್ಲಾಕ್ ಇಡುವುದೂ ಅದೇ ಹೊತ್ತಿಗೆ. ಮೊಂತಿ ಫೆಸ್ತ್ ಕೆಲಸದ ದಿನ ಬಿದ್ದರೆ ನಾವು ಹತ್ತಿರದ ಆದಿತ್ಯವಾರಕ್ಕೆ ಇಟ್ಟುಕೊಳ್ಳುತ್ತೇವೆ, ಈ ಸಲವೂ ಹಾಗೇ. ಮಳೆ, ಬ್ಲಾಕ್, ಗಣಪತಿಯ ಟ್ರಾಫಿಕ್ ಮೂರೂ ಸೇರಿ, ಪ್ರವೇಶದ ಹಾಡಿಗೆ ನಮ್ಮಲ್ಲಿ ಅರ್ಧ ಜನ ಮಾತ್ರ ಇದ್ದರು. ಗ್ಲೋರಿಯಾದ ಹೊತ್ತಿಗೆ ಟೆನರ್ ಒಬ್ಬ ಒದ್ದೆ ಪ್ಯಾಂಟಿನಲ್ಲಿ ಓಡಿಬಂದು ಸಾಲಿಗೆ ನುಗ್ಗಿದ.

ದೊಡ್ಡ ಚರ್ಚಿನಲ್ಲಿ ಹಾಡಿಸುವವನನ್ನು ಕಾಡುವ ಒಂದು ಸಂಗತಿ ಹೊರಗಿನವರಿಗೆ ತಿಳಿಯದು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಬಾಗಿಲಿನಿಂದ ಪೀಠಕ್ಕೆ 40 ಮೀಟರ್ ಇದ್ದರೆ, ಕೊನೆಯ ಬೆಂಚಿನವರ ಹಾಡು ನನ್ನ ಕಿವಿಗೆ ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತಲೂ ತಡವಾಗಿ ಬರುತ್ತದೆ. ನಮ್ಮ ಸದ್ದು ಅವರಿಗೆ ತಲುಪುವುದೂ ತಡವಾದರೆ ಅಂತರ ಇಮ್ಮಡಿಯಾಗುತ್ತದೆ. ಜನ ಎಳೆಯುತ್ತಿದ್ದಾರೆ ಎಂದುಕೊಂಡು ಅವರಿಗಾಗಿ ಕಾದರೆ ಅವರು ಇನ್ನೂ ನಿಧಾನವಾಗುತ್ತಾರೆ. ಎರಡು ಚರಣ ಮುಗಿಯುವಷ್ಟರಲ್ಲಿ ಮದುವೆಯ ಹಾಡು ಸಾವಿನ ಹಾಡಾಗಿರುತ್ತದೆ. ಕಿವಿ ಮುಚ್ಚಿಕೊಂಡು ಕಾಲಿನ ತಾಳವನ್ನೇ ನಂಬಿ ಮುಂದೆ ಹೋಗಬೇಕು. ಪಲ್ಲವಿಗೆ ಮೊದಲು ತಲೆ ಎತ್ತಿ, ಕಾಣುವ ಹಾಗೆ ಉಸಿರು ತೆಗೆದುಕೊಳ್ಳಬೇಕು. ಕೈ ಬೀಸುವುದಕ್ಕಿಂತ ಆ ಉಸಿರು ಜನರನ್ನು ಬೇಗ ಎಬ್ಬಿಸುತ್ತದೆ.

ಈಗ ಕೆಲವು ಕಡೆ ಮೊಬೈಲಿನಿಂದ ಮೈನಸ್ ಟ್ರ್ಯಾಕ್ ಹಾಕಿ ಹಾಡುವುದು ಶುರುವಾಗಿದೆ. ಡ್ರಮ್ಸ್, ಕೊಳಲು, ಎಲ್ಲ ಒಳಗೇ ಇರುತ್ತದೆ, ಕೇಳಲು ಚೆಂದ. ನನಗೆ ಆಗಿಬರುವುದಿಲ್ಲ. ಗುರುಗಳು ಎರಡು ಹೆಜ್ಜೆ ನಿಧಾನ ಬಂದರೆ ಟ್ರ್ಯಾಕ್ ಕಾಯುವುದಿಲ್ಲ, ಕೊನೆಯ ಬೆಂಚು ದಾರಿ ತಪ್ಪಿದರೆ ಅದಕ್ಕೆ ಕೇಳಿಸುವುದೂ ಇಲ್ಲ. ತಾನೇ ನುಡಿಯುವ ಯಂತ್ರ, ಗ್ರಾಮೊಫೋನು, ಟೇಪುಗಳು ಪೂಜೆಯಲ್ಲಿ ಬೇಡವೆಂದು ರೋಮ್ 1958ರ ಸೆಪ್ಟೆಂಬರ್ 3ರ ಆದೇಶದಲ್ಲೇ ಹೇಳಿತ್ತು. ನಮ್ಮ ಹುಡುಗರಿಗೆ ಅದನ್ನು ತೋರಿಸಿದೆ. “ಅಂಕಲ್, ಅದರಲ್ಲಿ ಮೊಬೈಲ್ ಅಂತ ಬರೆದಿಲ್ಲವಲ್ಲ” ಎಂದ ಒಬ್ಬ. ವಕೀಲಿ ಓದುತ್ತಿದ್ದಾನೆ.

ಮತ್ತೆ ಹಬ್ಬಕ್ಕೆ ಬಂದರೆ, ಪೂಜೆಗೆ ಮುಂಚೆ ಅಂಗಳದಲ್ಲಿ ತೆನೆಯ ಆಶೀರ್ವಾದ. ಭತ್ತದ ತೆನೆ ಊರಿನಿಂದ ರಾತ್ರಿ ಬಸ್ಸಿನಲ್ಲಿ, ಒದ್ದೆ ಬಟ್ಟೆ ಸುತ್ತಿಕೊಂಡು ಬಂದದ್ದು. ಆಮೇಲೆ ಮಕ್ಕಳ ಸಾಲು, ಕೈಯಲ್ಲಿ ತಟ್ಟೆ, ದಾದರಿನ ಸೇವಂತಿಗೆ. ಇಲ್ಲಿ ಹಾಡುವ ಹೂವಿನ ಹಾಡಿಗೆ ಪರದೆ ನೋಡುವವರು ಯಾರೂ ಇಲ್ಲ. ಮಂಗಳೂರು ಕಡೆಯ ಯಾವ ಮನುಷ್ಯನಿಗಾದರೂ ಅದು ಬಾಯಿಪಾಠ, ಹತ್ತು ವರ್ಷ ಚರ್ಚಿನ ಮೆಟ್ಟಿಲು ಹತ್ತದವನಿಗೂ. ಎರಡನೇ ಸಾಲಿಗೆ ನಾನು ಮೈಕಿನಿಂದ ಹಿಂದೆ ಸರಿದೆ, ಮೂರನೆಯದಕ್ಕೆ ಕೀಬೋರ್ಡಿನಿಂದ ಕೈ ತೆಗೆದೆ. ಹಾಡು ನಿಲ್ಲಲಿಲ್ಲ. ವಾರವಿಡೀ ಮಾಡಿದ ಕೆಲಸಕ್ಕೆ ಅಷ್ಟು ಸಿಕ್ಕಿದರೆ ಸಾಕು. ಹೊಸ ಹಾಡುಗಳಿಗೆ ಹೀಗಾಗುವುದು ಯಾವಾಗಲೋ!

ಮನೆಗೆ ಬಂದಾಗ ಎರಡು ಗಂಟೆ. ಬೇರೆ ಆದಿತ್ಯವಾರವಾಗಿದ್ದರೆ ಸನ್ನಾಂ, ಹಂದಿಮಾಂಸದ ಬಾಫಾತ್; ಈ ಹಬ್ಬಕ್ಕೆ ಮಾತ್ರ ಮೀನು ಮಾಂಸವಿಲ್ಲ. ಬಾಳೆಲೆಯ ಮೇಲೆ ಬೆಸಸಂಖ್ಯೆಯ ಪಲ್ಯಗಳು ಎಂಬುದು ಲೆಕ್ಕ: ಮೂರು, ಐದು, ಏಳು. ನಮ್ಮ ಮನೆಯಲ್ಲಿ ಐದು, ಅದರಲ್ಲಿ ಕೆಸುವಿನ ದಂಟು ಮತ್ತು ಗೇರುಬೀಜ ಹಾಕಿದ ತೊಂಡೆಕಾಯಿ ತಪ್ಪುವುದಿಲ್ಲ. ಮಾಂಯ್ ತೆನೆಯ ಕಾಳನ್ನು ಉಗುರಿನಿಂದ ಸುಲಿದು, ಪುಡಿಮಾಡಿ, ತೆಂಗಿನ ಹಾಲಿಗೆ ಬೆರೆಸಿ, ಒಬ್ಬೊಬ್ಬರಿಗೆ ಒಂದೊಂದು ಚಮಚ ಕೊಟ್ಟರು. ಕೊನೆಗೆ ಹೆಸರುಬೇಳೆ, ಬೆಲ್ಲದ ವೊರ್ನ್. ಹೆಂಡತಿ ನಮ್ಮ ಮಂಡಳಿಯ ಆಲ್ಟೊ. ಗ್ಲೋರಿಯಾದಲ್ಲಿ ನಾನು ಓಡಿದೆನೆಂದು ಪಾಯಸ ಬಡಿಸುತ್ತಲೇ ಹೇಳಿದಳು. ಓಡಿರಲಿಲ್ಲ. ಅದನ್ನು ಸಾಬೀತುಪಡಿಸುವ ಹೊತ್ತು ಅದಾಗಿರಲಿಲ್ಲ.

ಊಟವಾದ ಮೇಲೆ ಫ್ಯಾನಿನ ಕೆಳಗೆ ಎಲ್ಲರೂ ನೆಲಕ್ಕೊರಗಿದೆವು. ಮಾಂಯ್ ಫೋನಿನಲ್ಲಿ ಊರಿನ ಚರ್ಚಿನ ಪೂಜೆಯನ್ನು ಯೂಟ್ಯೂಬಿನಲ್ಲಿ ಮತ್ತೊಮ್ಮೆ ನೋಡಿದರು, ಅಲ್ಲಿನ ಹಾಡಿಗೆ ಒಂದಿಷ್ಟು, ನಮ್ಮದಕ್ಕೆ ಒಂದಿಷ್ಟು ಮಾರ್ಕು ಕೊಟ್ಟರು. ಸಂಜೆ ಚಾದ ಜತೆಗೆ ವಿಲ್ಫಿ ರೆಬಿಂಬಸ್ ಅವರ ಹಳೆಯ ಹಾಡುಗಳು. ಕೊಂಕಣ ಕೋಗುಳ್ ಎಂದು ಹೆಸರಾದ ವಿಲ್ಫಿ 2010ರಲ್ಲಿ ತೀರಿಕೊಂಡರು, ಆದರೆ ನಮ್ಮ ಅಡುಗೆಮನೆಯಲ್ಲಿ ಅವರಿಗೆ ಇನ್ನೂ ರಜೆ ಸಿಕ್ಕಿಲ್ಲ. ಮಗಳು ಟಿವಿಯಲ್ಲಿ ಕ್ರಿಕೆಟ್ ಹಾಕಿಕೊಂಡು, ಸದ್ದು ತೆಗೆದು ಕುಳಿತಿದ್ದಳು.

ಅಷ್ಟರಲ್ಲಿ ವಾಟ್ಸಾಪಿನಲ್ಲಿ ಮುಂದಿನ ವಾರದ ರಜೆಯ ಅರ್ಜಿಗಳು. 8ರ ಮುಂದಿನ ಆದಿತ್ಯವಾರ ಬಾಂದ್ರಾದ ಮೌಂಟ್ ಮೇರಿ ಜಾತ್ರೆ ಶುರು. ವಾರವಿಡೀ ಗುಡ್ಡ ಹತ್ತಲು ಊರಿಗೂರೇ ಹೋಗುತ್ತದೆ, ಎಲ್ಲ ಧರ್ಮದವರೂ. ನಮ್ಮ ಕೀರ್ತನೆ ಹಾಡುವವಳೂ ಹೊರಟಿದ್ದಳು.

“ನಾನು ಹಾಡುತ್ತೇನೆ, ಪಪ್ಪಾ,” ಎಂದಳು ಮಗಳು ಟಿವಿಯಿಂದ ಕಣ್ಣು ತೆಗೆಯದೆ. “ಆದರೆ ರೋಮನ್‌ನಲ್ಲಿ ಪ್ರಿಂಟ್ ಕೊಡಬೇಕು.”

“ಕೀರ್ತನೆಯನ್ನು ಯಾರಾದರೂ ಇಂಗ್ಲಿಷ್ ಅಕ್ಷರದಲ್ಲಿ ಓದುತ್ತಾರಾ?” ಎಂದರು ಮಾಂಯ್. “ಬಾ, ಒಂದು ವಾರದಲ್ಲಿ ಕನ್ನಡ ಕಲಿಸ್ತೇನೆ.”

“ಒಂದು ವಾರದಲ್ಲಾ, ವ್ಹಡ್ಲಿಮಾಂಯ್? ನನಗೆ ಯುನಿಟ್ ಟೆಸ್ಟ್ ಇದೆ.”

ಅರ್ಧ ಗಂಟೆ ಚೌಕಾಸಿಯಾಗಿ, ಚರಣಗಳು ರೋಮನ್‌ನಲ್ಲಿ, ಪಲ್ಲವಿ ಕನ್ನಡದಲ್ಲಿ ಎಂದು ಇತ್ಯರ್ಥವಾಯಿತು. ಪಲ್ಲವಿ ಎಂದರೆ ಒಂದೇ ಸಾಲು. ಅದು ಮಾಂಯ್‌ಗೂ ಗೊತ್ತು. ಹಾಗಾಗಿ ಆಮೇಲಿನ ವಾರದ ಕೀರ್ತನೆಯೂ ಮೊಮ್ಮಗಳಿಗೇ ಎಂದು ನನ್ನ ಕೈಯಲ್ಲಿ ಆಗಲೇ ಬರೆಸಿಕೊಂಡರು.